ತಥಾಸ್ತು ದೇವತೆಗಳಿಗೆ ಬಾರದ ಭಾಷೆ

ಮೊನ್ನೆ ಅಡ್ಯಾರಿನ ನಮ್ಮ ಫ್ಲ್ಯಾಟಿಗೆ ಕರೆಂಟು ಬಂದೊಡನೆ ಮೇಣದಬತ್ತಿಯನ್ನು ಊದಿದೆ. ಸುಟ್ಟ ಬತ್ತಿಯ ಹೊಗೆ ಮೂಗಿಗೆ ತಾಗಿದ್ದೇ ತಡ, ಟಿ. ನಗರದ ಆ ಬಾಡಿಗೆ ಮನೆ ಕಣ್ಣೆದುರು ನಿಂತಿತು. ಈಗ ಅಲ್ಲಿ ನಾಲ್ಕು ಮಹಡಿಯ ಸೀರೆ ಅಂಗಡಿಯಿದೆ. ಆ ಮನೆಯಲ್ಲಿ "ದೀಪ ಆರಿಸು" ಎನ್ನುವಂತಿರಲಿಲ್ಲ. "ದೊಡ್ಡದು ಮಾಡು" ಎನ್ನಬೇಕು. ಅಕ್ಕಿ ಮುಗಿದರೆ "ಹೆಚ್ಚಿದೆ" ಎನ್ನಬೇಕು. ನಿಮ್ಮ ಮನೆಯಲ್ಲೂ ಹೀಗೇ ಇತ್ತೇನೋ. ತಲೆಯ ಮೇಲೆ ತಥಾಸ್ತು ದೇವತೆಗಳು ಓಡಾಡುತ್ತಿರುತ್ತಾರೆ, ಆಡಿದ್ದಕ್ಕೆಲ್ಲ ಹಾಗೇ ಆಗಲಿ ಎಂದುಬಿಡುತ್ತಾರೆ ಎಂದು ಮೈಸೂರಿನಿಂದ ಬಂದಿದ್ದ ನನ್ನ ಅಜ್ಜಿ ನಂಬಿದ್ದಳು. ರೈಲ್ವೆಯಿಂದ ನಿವೃತ್ತರಾಗಿದ್ದ ತಾತ ಒಮ್ಮೆ ಬೇಕೆಂದೇ ಬರಿಗೈಲಿ ಬಂದರು. "ಅಕ್ಕಿ ಹೆಚ್ಚಿದೆ ಅಂದ್ಯಲ್ಲ, ಮತ್ಯಾಕೆ ತರ್ಲಿ? ತಮಿಳಲ್ಲಾದ್ರೂ ನೆಟ್ಟಗೆ ಹೇಳೇ."

"ಇಷ್ಟು ವರ್ಷ ಈ ಊರಲ್ಲಿದ್ದು ಆ ದೇವತೆಗಳಿಗೂ ತಮಿಳು ಬಂದಿರತ್ತೆ ಕಣ್ರೀ! ಪುಟ್ಟಿ, ನಿಮ್ಮ ಸಿಸ್ಟರಮ್ಮ ಏನಾದ್ರೂ ಹೇಳ್ಕೊಟ್ಟಿದಾರಾ?"

ಕಾನ್ವೆಂಟಿನಲ್ಲಿ ಪ್ರಬಂಧ ಮುಗಿಸಲು ಕಲಿಸಿದ್ದನ್ನೆಲ್ಲ ಒಪ್ಪಿಸಿದೆ. ಅಜ್ಜಿ ಅದರಲ್ಲಿ ಎರಡನ್ನು ಆರಿಸಿಕೊಂಡು, ಯಾವ ಸಿಸ್ಟರಿಗೂ ಹೊಳೆಯದ ಹಾಗೆ ಬೇರ್ಪಡಿಸಿದಳು. ಡಬ್ಬದ ತಳದಲ್ಲಿ ಒಂದು ಹಿಡಿ ಉಳಿದಿದ್ದರೆ "ಇನ್ ಕನ್‌ಕ್ಲೂಷನ್". ಪೂರ್ತಿ ಬರಿದಾಗಿದ್ದರೆ "ದಿ ಎಂಡ್". ತಾತ ಚೀಲ ಹಿಡಿದು ಬಾಗಿಲಲ್ಲಿ ನಿಂತರೆ ಒಳಗಿನಿಂದ ಕೂಗು ಬರುತ್ತಿತ್ತು: "ಬೇಳೆ ಇನ್ ಕನ್‌ಕ್ಲೂಷನ್, ಹುಣಸೆಹಣ್ಣು ದಿ ಎಂಡ್!"

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ತಾತನನ್ನು ಆಸ್ಪತ್ರೆಯಿಂದ ಮನೆಗೆ ಕಳಿಸಿದರು. ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅಪ್ಪನ ಪಕ್ಕದಲ್ಲಿದ್ದ ನಾನೂ ಕೇಳಿಸಿಕೊಂಡಿದ್ದೆ. ಅಜ್ಜಿಗೆ ಹೇಳಕೂಡದೆಂದು ಅಪ್ಪ ಆಣೆ ಹಾಕಿಸಿದ್ದರು. ಅಜ್ಜಿ ನನ್ನನ್ನು ಅಡುಗೆಮನೆಗೆ ಕರೆದು, ಒಗ್ಗರಣೆಯ ಒಲೆ ಸಣ್ಣಗೆ ಮಾಡಿ, ಗಲ್ಲ ಹಿಡಿದಳು. "ನಿನ್ನ ಇಂಗ್ಲಿಷಲ್ಲೇ ಹೇಳು, ಪುಟ್ಟಿ. ನಾನು ಅವರ ಹತ್ರ ಕೂರ್ಬೇಕೋ, ಸಾರಿಗಿಡ್ಬೇಕೋ, ಅಷ್ಟು ಗೊತ್ತಾದ್ರೆ ಸಾಕು."

"ಇನ್ ಕನ್‌ಕ್ಲೂಷನ್, ಅಜ್ಜಿ."

ಅವಳು ಅಳಲಿಲ್ಲ. ಸೌಟನ್ನು ಅಮ್ಮನ ಕೈಗಿತ್ತು ಹೋಗಿ ತಾತನ ಮಂಚದ ಪಕ್ಕ ಕೂತಳು. ಮದುವೆಯಾದಂದಿನಿಂದ ಒಲೆ ಬಿಟ್ಟು ಏಳದವಳು ಒಂಬತ್ತು ದಿನ ಅಲ್ಲಿಂದ ಏಳಲಿಲ್ಲ. ಎಲ್ಲರೆದುರೇ ಅವರ ಕೈ ಹಿಡಿದಿದ್ದಳು. ಇಬ್ಬರೂ ಏನೋ ಮಾತಾಡಿ ನಗುತ್ತಿದ್ದರು. ನಾವು ಬಂದರೆ ಸುಮ್ಮನಾಗುತ್ತಿದ್ದರು. ಅಷ್ಟು ಮಾತು ಅವರಲ್ಲಿತ್ತೆಂದು ನಮಗ್ಯಾರಿಗೂ ಗೊತ್ತೇ ಇರಲಿಲ್ಲ.

ಹತ್ತನೆಯ ಬೆಳಗ್ಗೆ ಅಪ್ಪ ತಾತನ ನಾಡಿ ಹಿಡಿದು ನೋಡಿದರು, ಅಜ್ಜಿಯ ಮುಖ ನೋಡಿದರು.

"ಮುಗೀತು ಕಣೋ," ಎಂದಳು ಅಜ್ಜಿ, ಅಚ್ಚ ಕನ್ನಡದಲ್ಲಿ, ತಲೆಯ ಮೇಲಿನವರಿಗೂ ಕೇಳಿಸುವಷ್ಟು ಗಟ್ಟಿಯಾಗಿ.

ನಾವು ಗೋಡೆಗೊರಗಿ ನಿಂತೆವು. ಅವಳು ಬಾಚಣಿಗೆ ತರಿಸಿಕೊಂಡು, ಆಫೀಸಿಗೆ ಕಳಿಸುವವಳ ಹಾಗೆ, ತಾತನ ತಲೆ ಬಾಚತೊಡಗಿದಳು.