ಲಾರಿಯ ಆಯಿಲಿನಲ್ಲಿ ತಾಮ್ರ

ಎಂಜಿನ್ ಆಯಿಲ್ ಪರೀಕ್ಷೆಯೂ ರಕ್ತಪರೀಕ್ಷೆಯ ಹಾಗೇ ಎಂದೋ ಏನೋ ಯಾರೋ ಹೇಳಿದ್ದರು. ಇಂದು ಲ್ಯಾಬಿನಿಂದ ಬಂದ ನಮ್ಮ ಲಾರಿಯ ಆಯಿಲ್ ವರದಿ ಓದಿ ನನ್ನದೇ ಎದೆ ಹೊಡೆದುಕೊಂಡಿತು, ಗೆಳೆಯರೇ. ತಾಮ್ರ ವಿಪರೀತ, ಬೇರಿಂಗ್ ಸವೆದಿರಬಹುದು, ಎಂಜಿನ್ ಬಿಚ್ಚಿ ನೋಡಿ ಎಂದಿತ್ತು. ಬಿಚ್ಚಿದರೆ ಲಾರಿ ತಿಂಗಳುಗಟ್ಟಲೆ ನಿಲ್ಲುತ್ತದೆ.

ಇಸಳೂರಿನ ಮೆಕ್ಯಾನಿಕ್ ಗಣಪಣ್ಣ ಸ್ಪಾನರ್ ಕೆಳಗಿಟ್ಟ. “ಬೇರಿಂಗ್ ಸವೆದಿದ್ರೆ ತಾಮ್ರದ ಜೊತೆ ಅದರಲ್ಲಿರೋ ಸೀಸಾನೂ ಏರ್ತಿತ್ತು ಮಾರಾಯ್ರೆ. ಇಲ್ಲಿ ತಾಮ್ರ ಒಂದೇ. ಆಯಿಲ್ ಎಂತದ್ರಲ್ಲಿ ತುಂಬಿ ಕಳ್ಸಿದ್ರಿ?”

ಬನವಾಸಿ ಕಡೆಯ ಡ್ರೈವರ್ ಬಸಣ್ಣ ತಲೆ ಕೆರೆದುಕೊಂಡ. “ನಿಮ್ಮ ಹಿತ್ತಲದಾಗ ಮೈಲುತುತ್ತದ ಡಬ್ಬಿ ಇತ್ತಲ್ರೀ, ಅದ್ರಾಗ. ಒರಸೇ ತುಂಬೀನ್ರೀ!”

ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತವೆಂದರೆ ತಾಮ್ರವೇ. ಹೊಸ ಬಾಟಲಿಯಲ್ಲಿ ಮತ್ತೆ ಆಯಿಲ್ ಕಳಿಸಿದೆವು. ಎಂಜಿನ್ ಸದ್ಯಕ್ಕೆ ಉಳಿಯಿತು.

ವರದಿ ಬರೆದ ಮಹನೀಯರೇ, ಈ ಲಾರಿಗೆ ಕೊಳೆರೋಗ ಬಾರದೆಂದೂ ಒಂದು ಸಾಲು ಸೇರಿಸಿ ಕೊಡುವಿರಾ?