ಮಧುಮತಿಯ ಎಂಟು ಬಟನ್‌ಗಳು

ಯಡ್ರಾಮಿಯ ಮಧುಮತಿ ಕಂಪ್ಯೂಟರಿಗೆ ಬಟನ್‌ಗಳ ಪರಿಚಯ ಬರೆದುಕೊಡುವ ಎಂಜಿನಿಯರು. ಎಂಟು ಬಟನ್‌ಗಳ ಸ್ಥಿತಿಯನ್ನು ಒಮ್ಮೆಲೇ ಹಿಡಿದು ಒಂದೇ ತಂತಿಯಲ್ಲಿ ಸಾಲಾಗಿ ಸಾಗಿಸುವ ಶಿಫ್ಟ್ ರಿಜಿಸ್ಟರ್ ಎಂಬ ಪುಟ್ಟ ಚಿಪ್ ಕಂಡರೆ ಅವಳು ಚಪ್ಪಲಿ ಬಿಟ್ಟು ಕೈಮುಗಿಯುವುದೊಂದು ಬಾಕಿ. ಯಾವ ಬಟನ್ ಯಾವ ಸರದಿಯಲ್ಲಿದೆಯೆಂದು ಅವಳು ಬರೆದರೇ, ಬಟನ್‌ಗಳನ್ನು ಓದುವ ಡ್ರೈವರ್ ಎಂಬ ತಂತ್ರಾಂಶಕ್ಕೆ ಗೊತ್ತಾಗುವುದು. "ಬರೀಲಿಲ್ಲಂದ್ರ ಅದರ ಪಾಲಿಗೆ ಆ ಬಟನ್ ಹುಟ್ಟೇ ಇಲ್ರಿ. ಬರದ್ರ, ಯಾರೂ ಒತ್ತದಿದ್ರೂ ಕಾಯ್ತಾನೇ ಇರ್ತದ" ಎನ್ನುತ್ತಾಳೆ. ದಾರಿ ಕೇಳಿದವರಿಗೂ ಓಣಿಯ ಒಂದೊಂದು ಬಾಗಿಲನ್ನೂ ಸರದಿ ತಪ್ಪದೆ ಹೇಳುವವಳು; ಕೇಳಿದವರು ಬಸ್ಸು ತಪ್ಪಿಸಿಕೊಳ್ಳುತ್ತಾರೆ, ನಾನು ಬೆರಗಾಗಿ ನಿಲ್ಲುತ್ತೇನೆ. ಲಕ್ವಾ ಹೊಡೆದು ಮಾತು ಹೋದ ತಾಯಿಗಾಗಿ ಅವಳು ಎಂಟು ಬಟನ್‌ಗಳ ಪೆಟ್ಟಿಗೆಯೊಂದನ್ನು ಮಾಡಿದ್ದಾಳೆ. ತಾಯಿ ಒತ್ತಿದರೆ ನೀರು, ಚಹಾ, ಹೊದಿಕೆ ಎಂದು ಅದೇ ಹೇಳುತ್ತದೆ. ಒತ್ತಿ ಒತ್ತಿ ಬಟನ್‌ಗಳ ಬಣ್ಣ ಮಾಸಿದೆ, ಕೊನೆಯದೊಂದೇ ಹೊಚ್ಚಹೊಸದು. ಅದೇನೆಂದು ಕೇಳಿದೆ. "ನನ್ನ ಹೆಸರ್ರಿ" ಎಂದಳು. "ಬರದಿಟ್ಟೇನಿ. ಕಾಯಾಕತ್ತದ."