ಫೈಟರ್ ಮೀನಿಗೆ ಹಚ್ಚಿದ ಗಾಳಿ

ಶೈಲಶ್ರೀ ಗಂಗಾವತಿಯ ಒಂದು ಖಾಸಗಿ ದವಾಖಾನೆಯಲ್ಲಿ ನರ್ಸ್. ಹುಟ್ಟಿದ್ದು ಅಳವಂಡಿಯಲ್ಲಿ, ನರ್ಸಿಂಗ್ ಓದಿದ್ದು ಕೊಪ್ಪಳದಲ್ಲಿ, ಮದುವೆಯಾಗಿ ಬಂದದ್ದು ಇಲ್ಲಿಗೆ. ಗಂಡ ಸಿದ್ದೇಶ ಬೀಜ-ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದ. ಮಾತು ಕಡಿಮೆ, ಸಿಟ್ಟು ಅದಕ್ಕಿಂತ ಕಡಿಮೆ. ಅಕ್ಕಿ ಗಿರಣಿಗಳ ಹಿಂದಿನ ಓಣಿಯಲ್ಲಿ ಇಬ್ಬರೂ ಬಾಡಿಗೆ ಮನೆ ಮಾಡಿಕೊಂಡಿದ್ದರು.

ಕೊರೋನಾ ಎರಡನೇ ಸಲ ಬಂದಾಗ ಅವಳಿಗೆ ಆಕ್ಸಿಜನ್ ವಾರ್ಡಿನಲ್ಲಿ ಡ್ಯೂಟಿ ಹಾಕಿದ್ದರು. ಅಲ್ಲಿ ಮರಳಿ ಎಂಬ ಊರಿನ ಟ್ರ್ಯಾಕ್ಟರ್ ಡ್ರೈವರ್ ಪಕ್ಕೀರಪ್ಪ ಇದ್ದ. ಆಕ್ಸಿಜನ್ ಪೂರ್ತಿ ಬಿಟ್ಟಿದ್ದರೂ ಅವನಿಗೆ ಸಾಲುತ್ತಿರಲಿಲ್ಲ. ಅವಳು ಹತ್ತಿರ ಹೋದಾಗಲೆಲ್ಲ ಮಾಸ್ಕ್ ಸರಿಸಿ, "ಅಕ್ಕಾರ, ಇನ್ನೊಂದೀಟು ಗಾಳಿ ಬಿಡ್ರಿ" ಅನ್ನುತ್ತಿದ್ದ. ಬಿಡಲು ಇನ್ನೇನೂ ಉಳಿದಿರಲಿಲ್ಲ. ಅವಳು ಆಕ್ಸಿಜನ್ ಬಿಡುವ ಗುಂಡಿಯ ಮೇಲೆ ಕೈಯಿಟ್ಟು ತಿರುವಿದಂತೆ ಮಾಡುತ್ತಿದ್ದಳು. "ಹಾಂ, ಈಗ ಛಲೋ ಆತು ನೋಡ್ರಿ" ಎಂದು ಅವನು ಕಣ್ಣು ಮುಚ್ಚುತ್ತಿದ್ದ. ಒಂದು ಬೆಳಿಗ್ಗೆ ಡ್ಯೂಟಿಗೆ ಬಂದಾಗ ಅವನ ಮಂಚದ ಮೇಲೆ ಬೇರೆ ಯಾರೋ ಇದ್ದರು. ಅವಳು ಯಾರನ್ನೂ ಏನೂ ಕೇಳಲಿಲ್ಲ.

ಕೊರೋನಾ ಇಳಿದ ಮೇಲೆ ಮಕ್ಕಳಿಗೆ ಲಸಿಕೆ ಹಾಕುವ ಕೋಣೆಗೆ ಕೇಳಿಕೊಂಡು ಹೋದಳು. ಕೆಲಸ ಬದಲಾದರೂ ಒಂದು ರೂಢಿ ಬಿಡಲಿಲ್ಲ. ಯಾರನ್ನು ಕಂಡರೂ ಅವರು ಉಸಿರಾಡುವುದನ್ನು ನೋಡುತ್ತಿದ್ದಳು. ಬಸ್ಸಿನಲ್ಲಿ ಎದುರು ಕೂತವರದ್ದು, ಮದುವೆಯಲ್ಲಿ ಪಕ್ಕದಲ್ಲಿ ಉಣ್ಣುವವರದ್ದು. ರವಿವಾರ ಮಧ್ಯಾಹ್ನ ಸಿದ್ದೇಶ ಮಲಗಿದ್ದರೆ ಅವನ ಮೂಗಿನ ಹತ್ತಿರ ಬೆರಳು ಹಿಡಿಯುತ್ತಿದ್ದಳು. ಅವನು ಕಣ್ಣು ತೆರೆಯದೆ, "ಅದೀನಿ, ಶೈಲಾ. ಇನ್ನೂ ಅದೀನಿ" ಅನ್ನುತ್ತಿದ್ದ.

ಮೀನು ತಂದವನು ಅವನೇ. ಮೀನು ಆಡುವುದನ್ನು ನೋಡುತ್ತ ಕೂತರೆ ಮನಸ್ಸು ತಣ್ಣಗಾಗುತ್ತದೆಂದು ಅಂಗಡಿಗೆ ಬಂದ ಗಿರಾಕಿಯೊಬ್ಬರು ಹೇಳಿದ್ದರು. ಬಸ್ ಸ್ಟ್ಯಾಂಡಿನ ಹತ್ತಿರ ನದೀಮ ಎಂಬವನದು ಬಣ್ಣದ ಮೀನಿನ ಅಂಗಡಿ. ಅಲ್ಲಿಂದ ಒಂದು ಬೆಟ್ಟಾ ಮೀನು, ಒಂದು ಗಾಜಿನ ತೊಟ್ಟಿ ಬಂದವು. ಅಂಗಡಿಯವರು ಅದನ್ನು ಫೈಟರ್ ಅನ್ನುತ್ತಾರೆ, ಎರಡು ಗಂಡು ಮೀನನ್ನು ಒಟ್ಟಿಗೆ ಬಿಟ್ಟರೆ ಕಾದಾಡುತ್ತವೆಂದು. ಇದು ಕಡುನೀಲಿ. ರೆಕ್ಕೆಯ ಅಂಚು ಕೆಂಪು, ಬಾಲ ಸೀರೆಯ ಸೆರಗಿನ ಹಾಗೆ ಉದ್ದವಾಗಿ ಇಳಿಬಿದ್ದಿತ್ತು.

ಮೊದಲ ದಿನವೇ ಶೈಲಶ್ರೀ ಒಲೆಯ ಮೇಲಿನ ಅನ್ನ ಬಿಟ್ಟು ಬಂದು ತೊಟ್ಟಿಯ ಮುಂದೆ ನಿಂತಳು. ಮೀನು ಮೇಲಕ್ಕೆ ಬಂತು, ನೀರಿನಿಂದ ಬಾಯಿ ಹೊರಗೆ ಹಾಕಿತು, ಕೆಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು.

"ಏನ್ರಿ, ಇದಕ್ಕ ಉಸಿರು ಸಿಗವಲ್ದು."

"ನೀರಾಗ ಇರೋ ಮೀನಿಗೆ ಉಸಿರು ಸಿಗಲಾರದೇನು?" ಎಂದ ಸಿದ್ದೇಶ.

"ಅದನ್ನ ನಾನೂ ಹೇಳಾಕತ್ತೀನಿ. ನೀರಾಗ ಸಿಕ್ಕಿದ್ರ ಮ್ಯಾಲೆ ಯಾಕ ಬಂದು ಬಾಯಿ ತಗೀತಿತ್ತು?"

ಅನ್ನ ತಳ ಹಿಡಿಯಿತು. ಮರುದಿನ ಡ್ಯೂಟಿ ಮುಗಿಸಿ ಅವಳು ನೇರ ನದೀಮನ ಅಂಗಡಿಗೆ ಹೋದಳು. ಗಾಳಿ ಪಂಪು ಬೇಕೆಂದಳು.

"ಫೈಟರ್‌ಗೇನ್ರಿ ಅಕ್ಕಾ? ಅದು ಪಂಪ್ ಇಲ್ದನೂ ಇರ್ತೈತಿ" ಎಂದ ನದೀಮ.

"ಇರೋದು ಬ್ಯಾರೆ, ಆರಾಮ ಇರೋದು ಬ್ಯಾರೆ. ನೀವು ಪಂಪ್ ಕೊಡ್ರಿ."

ಅವಳ ದನಿ ಕೇಳಿ ಅವನು ಮಾತು ಬೆಳೆಸಲಿಲ್ಲ. ಅವಳು ಬೆರಳು ತೋರಿಸಿದ ದೊಡ್ಡ ಪಂಪನ್ನೇ ಕಟ್ಟಿಕೊಟ್ಟ.

ಆವತ್ತಿನಿಂದ ಮನೆಯಲ್ಲಿ ದಿನವಿಡೀ ಗುಂಯ್ ಎಂಬ ಸದ್ದು. ತೊಟ್ಟಿಯ ತಳದಿಂದ ಗುಳ್ಳೆಗಳು ಕುದಿಯುವ ಎಸರಿನ ಹಾಗೆ ಏಳುತ್ತಿದ್ದವು. ಮೀನು ಒಂದು ಮೂಲೆಯಲ್ಲಿಟ್ಟಿದ್ದ ಕಲ್ಲಿನ ಹಿಂದೆ ಸೇರಿಕೊಂಡಿತು. ಹಾಕಿದ ಕಾಳು ಸುಳಿಯಲ್ಲಿ ಗಿರಗಿರ ತಿರುಗಿ ತಳಕ್ಕೆ ಬೀಳುತ್ತಿತ್ತು, ಅದು ತಿನ್ನಲು ಬರುತ್ತಿರಲಿಲ್ಲ. ಮೇಲೆ ಬಂದು ಬಾಯಿ ತೆರೆಯುವುದು ಮಾತ್ರ ನಿಲ್ಲಲಿಲ್ಲ. ಈಗ ಅಲ್ಲಿಗೆ ಬರಲು ಗುಳ್ಳೆಗಳ ರಭಸದಲ್ಲಿ ಈಜಿ ಸುಸ್ತಾಗಬೇಕಿತ್ತು. ಶೈಲಶ್ರೀ ಪಂಪಿನ ಗುಂಡಿ ಇನ್ನಷ್ಟು ತಿರುವಿದಳು. ಒಂದು ವಾರದೊಳಗೆ ಆ ಉದ್ದನೆಯ ಬಾಲ ಸೀಳಿ ಸೀಳಿ ಚಿಂದಿಯಂತಾಯಿತು.

"ಅರಿವಿ ಹಿಂಡಿದಂಗ ಹಿಂಡಾಕತ್ತೀಯಲ್ಲ ಅದನ್ನ" ಎಂದ ಸಿದ್ದೇಶ. "ಸ್ವಲ್ಪ ಬಂದ್ ಮಾಡಿ ನೋಡು."

"ನಿಮಗೇನ್ ಗೊತ್ತೈತ್ರಿ, ಉಸಿರು ಸಿಗಲಿಲ್ಲಂದ್ರ ಹೆಂಗಿರತೈತಂತ?"

ಅವನು ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋದ. ಆ ಮಾತು ಅಷ್ಟು ಜೋರಾಗಿ ಬಂದದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು.

ಮುಂದಿನ ರವಿವಾರ ಲೈನ್ ದುರಸ್ತಿಗೆಂದು ಬೆಳಿಗ್ಗೆಯೇ ಕರೆಂಟ್ ತೆಗೆದರು. ಸಂಜೆವರೆಗೂ ಬರುವುದಿಲ್ಲವೆಂದು ಓಣಿಯವರು ಮಾತಾಡಿಕೊಂಡರು. ಪಂಪು ನಿಂತಿತು. ಶೈಲಶ್ರೀ ಒಂದು ಲೋಟ ಹಿಡಿದು ತೊಟ್ಟಿಯ ಮುಂದೆ ಕೂತಳು. ಅದರ ನೀರನ್ನೇ ಎತ್ತುವುದು, ಮೇಲಿನಿಂದ ಸುರಿಯುವುದು. ನೀರು ಅಲುಗಿದರೆ ಗಾಳಿ ಸೇರುತ್ತದೆಂದು ಅವಳ ಲೆಕ್ಕ. ಬೆವರು ಇಳಿಯುತ್ತಿದ್ದರೂ ಬಿಡಲಿಲ್ಲ. ಸಿದ್ದೇಶ ಪಕ್ಕಕ್ಕೆ ಬಂದು ಕೂತ. ಬೇಡ ಅನ್ನಲಿಲ್ಲ. ಅವಳ ತೋಳು ಸೋತಾಗ ಲೋಟ ತಾನು ಇಸಿದುಕೊಂಡ, ಆದರೆ ಸುರಿಯದೆ ನೆಲದ ಮೇಲಿಟ್ಟ.

"ಒಂದೀಟು ಸುಮ್ನ ನೋಡೋಣು" ಎಂದ.

ನೀರು ನಿಂತಿತು. ಮೀನು ಕಲ್ಲಿನ ಹಿಂದಿನಿಂದ ತಲೆ ಹೊರಹಾಕಿತು. ಮೆಲ್ಲಗೆ ಮೇಲಕ್ಕೆ ಬಂದು ಒಂದು ಗುಟುಕು ಗಾಳಿ ತೆಗೆದುಕೊಂಡಿತು, ಕೆಳಗಿಳಿದು ತೊಟ್ಟಿಯನ್ನು ಒಂದು ಸುತ್ತು ಹಾಕಿತು. ಸಿದ್ದೇಶ ಒಂದು ಕಾಳು ಹಾಕಿದ. ತಿಂದಿತು. ಇನ್ನೊಂದು ಹಾಕಿದ, ಅದನ್ನೂ ತಿಂದಿತು. ಅವನು ಗಾಜಿಗೆ ಬೆರಳು ಹಚ್ಚಿದ್ದೇ ತಡ, ಮೀನು ಕಿವಿರು ಅಗಲಿಸಿ, ಇದ್ದಷ್ಟು ಹರಕು ರೆಕ್ಕೆಯನ್ನೇ ಹರಡಿ, ಬೆರಳಿನ ಮೇಲೆ ಏರಿ ಬಂತು.

ಶೈಲಶ್ರೀ ಬಾಗಿ ನೋಡಿದಳು. ವಾರ್ಡಿನಲ್ಲಿ ಪೇಶಂಟ್ ನೋಡುವ ರೀತಿಯಲ್ಲಿ ನೋಡಿದಳು. ಕಿವಿರು ಒಂದೇ ಹದದಲ್ಲಿ ಆಡುತ್ತಿತ್ತು, ಏದುಸಿರಿನ ಗುರುತಿರಲಿಲ್ಲ. ಮೇಲೆ ಬಂದು ಹೋದ ಮೇಲೆ ತನ್ನ ಪಾಡಿಗೆ ತಾನಿರುತ್ತಿತ್ತು.

"ದಮ್ಮು ಹತ್ತಿದವರು ಹಿಂಗ ಸಿಟ್ಟಿಗೇಳಂಗಿಲ್ರಿ" ಎಂದಳು. "ಅವ್ರಿಗೆ ಅಷ್ಟು ಪುರಸೊತ್ತು ಇರಂಗಿಲ್ಲ."

ಆಮೇಲೆ ಪಕ್ಕೀರಪ್ಪನ ಮಾತು ತೆಗೆದಳು. ಇಷ್ಟು ವರ್ಷದಲ್ಲಿ ಅವನ ಹೆಸರನ್ನು ಮನೆಯಲ್ಲಿ ಎತ್ತಿದ್ದು ಅದೇ ಮೊದಲು. ಅವನು ಗಾಳಿ ಕೇಳುತ್ತಿದ್ದದ್ದು, ತಾನು ಗುಂಡಿ ತಿರುವಿದಂತೆ ಮಾಡುತ್ತಿದ್ದದ್ದು ಎಲ್ಲ ಹೇಳಿದಳು. ಅಳಲಿಲ್ಲ. ಯಾರದೋ ಕೇಸು ಹೇಳುವಂತೆ ಹೇಳಿದಳು.

"ಆವಾಗ ಅವಗ ಆರಾಮ ಅನಸ್ತಿತ್ತೇನು?" ಸಿದ್ದೇಶ ಕೇಳಿದ.

"ಅನಸ್ತಿತ್ತು. ಒಂದೀಟು ಹೊತ್ತು."

"ಮತ್ತ, ಅಷ್ಟು ಕೊಟ್ಟಿ ನೀ."

ಹೊತ್ತು ಇಳಿಯುವಾಗ ಕರೆಂಟ್ ಬಂತು, ಪಂಪು ಗುಂಯ್ ಎಂದಿತು, ಮೀನು ಕಲ್ಲಿನ ಹಿಂದೆ ಓಡಿತು. ಶೈಲಶ್ರೀ ಎದ್ದು ಹೋಗಿ ಪ್ಲಗ್ ಕಿತ್ತಳು.

ಪಂಪು ತೆಗೆದುಕೊಂಡು ಮತ್ತೆ ನದೀಮನ ಅಂಗಡಿಗೆ ಹೋದಾಗ ಅವಳು ಕೇಳಿದ ಪ್ರಶ್ನೆ ಬೇರೆಯಾಗಿತ್ತು. "ಖರೇನ ದಮ್ಮು ಹತ್ತಿದ್ರ ಹೆಂಗ ಗೊತ್ತಾಗ್ತೈತಿ?"

ನದೀಮ ಸ್ವಲ್ಪ ಯೋಚಿಸಿದ. "ಮ್ಯಾಲೇ ಇರ್ತೈತ್ರಿ, ಕೆಳಗ ಇಳಿಯೂದಿಲ್ಲ. ಕಿವಿರು ಜೋರ್ ಬಡಕೊಂತಾವ. ಹಂಗಾದ್ರ ನೀರು ಕೆಟ್ಟೈತಿ ಅಂತ ತಿಳ್ಕೋರಿ, ಜಲ್ದಿ ಬದಲಿ ಮಾಡ್ರಿ. ಬರೇ ಬಂದು ಬಂದು ಹೋಗೂದು ಅದರ ರೀತಿ. ಕಿವಿರಿನ ಮ್ಯಾಲೆ ಇನ್ನೊಂದು ಅಂಗ ಇರ್ತೈತಿ, ಅದರಿಂದ ಹೊರಗಿನ ಗಾಳಿನೂ ಎಳಕೊಂತೈತಿ. ಮುಚ್ಚಳ ಹಾಕಿದ್ರೂ ನೀರಿನ ಮ್ಯಾಲೆ ಸ್ವಲ್ಪ ಜಾಗ ಬಿಡ್ರಿ ಅಷ್ಟ. ಗೋಲ್ಡ್ ಫಿಶ್ ಆಗಿದ್ರ ಪಂಪ್ ಬೇಕಾಗ್ತಿತ್ತು."

"ಆವತ್ತ ಇಷ್ಟು ಹೇಳಬೇಕಿತ್ತಲ್ಲ?"

"ಹೇಳಾಕ ಬಂದೆ ಅಕ್ಕಾ. ನೀವು ಕೇಳೋ ಹಂಗ ಇದ್ದಿದ್ದಿಲ್ಲ."

ಅವಳು ನಕ್ಕುಬಿಟ್ಟಳು. ನದೀಮ ಪಂಪನ್ನು ವಾಪಸ್ ತೆಗೆದುಕೊಂಡು, ಬದಲಿಗೆ ಅಗಲ ಎಲೆಯ ನೀರುಗಿಡವೊಂದನ್ನು ಕೊಟ್ಟ.

ಬಾಲ ನಿಧಾನವಾಗಿ ಬೆಳೆಯಿತು. ಹೊಸದಾಗಿ ಬಂದ ಅಂಚು ಮೊದಮೊದಲು ಬಣ್ಣವಿಲ್ಲದೆ ಗಾಜಿನಂತಿತ್ತು, ಆಮೇಲೆ ಕೆಂಪು ತುಂಬಿತು. ಒಂದು ಬೆಳಿಗ್ಗೆ ನೀರಿನ ಮೇಲೆ ನೊರೆ ಕಟ್ಟಿತ್ತು. ತೊಟ್ಟಿಗೆ ಸಾಬೂನು ಬಿದ್ದಿದೆಯೆಂದು ಸಿದ್ದೇಶ ಗಾಬರಿಯಾದ. ಗಂಡು ಮೀನು ತತ್ತಿಗಾಗಿ ಗುಳ್ಳೆಯ ಗೂಡು ಕಟ್ಟುತ್ತದೆಂದು ಅಷ್ಟರಲ್ಲಿ ಶೈಲಶ್ರೀಗೆ ಗೊತ್ತಾಗಿತ್ತು. ಹೆಣ್ಣು ಮೀನು ಇಲ್ಲದಿದ್ದರೂ ಕಟ್ಟುತ್ತದಂತೆ.

ಆ ವರ್ಷವೇ ದವಾಖಾನೆಯ ಐಸಿಯುನಲ್ಲಿ ಕೈ ಸಾಲದೆ ಹಿರಿಯ ಸಿಸ್ಟರ್ ಅವಳನ್ನು ಕರೆದರು. ಹಿಂದೆಯೂ ಕರೆದಿದ್ದರು, ಅವಳು ಒಲ್ಲೆ ಅಂದಿದ್ದಳು. ಈ ಸಲ ವಿಚಾರ ಮಾಡಿ ಹೇಳುತ್ತೇನೆಂದಳು. ಮರುದಿನ ಹೂಂ ಅಂದಳು. ಮೊದಲ ಪಾಳಿಯಲ್ಲಿ ಆಕ್ಸಿಜನ್ ಪೈಪು ಜೋಡಿಸಲು ಆಗಲಿಲ್ಲ, ಇನ್ನೊಬ್ಬ ನರ್ಸ್ ಜೋಡಿಸಬೇಕಾಯಿತು. ಎರಡನೇ ಪಾಳಿಯಲ್ಲಿ ಹೊತ್ತು ಹಿಡಿಯಿತು, ಆದರೆ ತಾನೇ ಜೋಡಿಸಿದಳು. ಮಾಳವ್ವ ಎಂಬ ಮುದುಕಿ ಅಲ್ಲಿದ್ದಳು, ಗಿರಣಿಯ ಧೂಳು ಕುಡಿದು ಎದೆ ಕೆಡಿಸಿಕೊಂಡವಳು. ಶೈಲಶ್ರೀ ಅವಳ ಮಂಚದ ತಲೆಯ ಕಡೆ ಎತ್ತರ ಮಾಡಿ, ಬೆನ್ನಿಗೆ ದಿಂಬು ಕೊಟ್ಟು, ಹತ್ತಿರ ಕೂತು ಅವಳ ಮೊಮ್ಮಕ್ಕಳ ಸುದ್ದಿ ಕೇಳಿದಳು. ಮಾಳವ್ವ ಚೇತರಿಸಿಕೊಂಡು ಊರಿಗೆ ಹೋದಳು. ಎಲ್ಲರೂ ಹಾಗೆ ಹೋಗಲಿಲ್ಲ.

ಶೈಲಶ್ರೀ ಈಗಲೂ ಅದೇ ವಾರ್ಡಿನಲ್ಲಿದ್ದಾಳೆ. ಮೀನಿಗೆ ವಯಸ್ಸಾಗಿದೆ, ನೀಲಿ ಸ್ವಲ್ಪ ಮಾಸಿದೆ, ಮೊದಲಿನಷ್ಟು ಸುತ್ತು ಹಾಕುವುದಿಲ್ಲ. ರಜೆಯ ದಿನ ತೊಟ್ಟಿಯ ನೀರನ್ನು ಒಂದಿಷ್ಟು ಬದಲಿ ಮಾಡುತ್ತಾಳೆ, ಅದಕ್ಕೆಂದು ನಲ್ಲಿ ನೀರನ್ನು ಕ್ಲೋರಿನ್ ಹೋಗಲೆಂದು ಹಿಂದಿನ ದಿನವೇ ಬಕೀಟಿನಲ್ಲಿ ಹಿಡಿದಿಡುತ್ತಾಳೆ. ಆ ಬಕೀಟಿಗೆ ಯಾರೂ ಕೈ ಹಚ್ಚುವಂತಿಲ್ಲ. ಒಮ್ಮೆ ಸಿದ್ದೇಶ ಅವಸರದಲ್ಲಿ ಅದೇ ನೀರಿನಿಂದ ಸ್ನಾನ ಮಾಡಿದ್ದಕ್ಕೆ ಆವತ್ತು ಮಧ್ಯಾಹ್ನ ಬುತ್ತಿಯಲ್ಲಿ ಬರೀ ರೊಟ್ಟಿ ಇತ್ತು, ಪಲ್ಯ ಇರಲಿಲ್ಲ.